ಗೃಹಸ್ಥನ ಲೆಕ್ಕ: ಮಕ್ಕಳ ಓದಿಗಾಗಿ ಕೊಳ್ಳುವ ಮನೆ

ಪಿ.ಯು. ಪರೀಕ್ಷೆಯ ಫಲಿತಾಂಶವೂ ಸಿ.ಇ.ಟಿ.ಯ ಶ್ರೇಣಿಯೂ ಪ್ರಕಟವಾದ ಮೇಲೆ ನಮ್ಮ ಅನೇಕ ಮನೆಗಳಲ್ಲಿ ಒಂದು ಮಾತು ಹುಟ್ಟುವುದುಂಟು. ಮಗನಿಗೋ ಮಗಳಿಗೋ ಬೆಂಗಳೂರಿನ ಕಾಲೇಜಿನಲ್ಲಿ ಸ್ಥಳ ದೊರೆತಿದೆ. ನಾಲ್ಕು ವರ್ಷ ಅಲ್ಲಿಯೇ ಇರಬೇಕು. ತಿಂಗಳು ತಿಂಗಳೂ ಬಾಡಿಗೆಗೆ ಸುರಿಯುವ ಹಣ ಹೊಳೆಯಲ್ಲಿ ಹುಣಸೇಹಣ್ಣು ತೊಳೆದಂತೆ. ಅದರ ಬದಲು ಬ್ಯಾಂಕಿನಿಂದ ಸಾಲ ತೆಗೆದು ಸಣ್ಣದೊಂದು ಮನೆಯನ್ನೇ ಕೊಂಡುಬಿಟ್ಟರೆ ಮಕ್ಕಳಿಗೆ ನೆಲೆಯೂ ಆಯಿತು, ನಮಗೆ ಆಸ್ತಿಯೂ ಆಯಿತು ಎಂಬುದೇ ಆ ಮಾತು. ಕೇಳುವುದಕ್ಕೆ ಇಂಪಾದ ಈ ಮಾತನ್ನು, ಮುಂಗಡ ಕೊಡುವುದಕ್ಕೆ ಮೊದಲು, ಕಾಗದದ ಮೇಲೆ ಬರೆದು ಕೂಡಿ ಕಳೆದು ನೋಡತಕ್ಕದ್ದೆಂದು ನಮ್ಮ ಅಭಿಪ್ರಾಯ.

ಮನೆಯ ಬೆಲೆ 50 ಲಕ್ಷ ರೂಪಾಯಿ ಎಂದು ಇಟ್ಟುಕೊಳ್ಳೋಣ. ಸಾಲವು 30 ಲಕ್ಷವನ್ನು ಮೀರಿ 75 ಲಕ್ಷದೊಳಗೆ ಇರುವಾಗ, ರಿಸರ್ವ್ ಬ್ಯಾಂಕಿನ ನಿಯಮದಂತೆ ಬ್ಯಾಂಕುಗಳು ಬೆಲೆಯ ಶೇಕಡಾ 80ಕ್ಕಿಂತ ಹೆಚ್ಚು ಕೊಡುವಂತಿಲ್ಲ. ಆದುದರಿಂದ ಸಾಲ 40 ಲಕ್ಷ, ಕೈಯಿಂದ 10 ಲಕ್ಷ. ನಮ್ಮ ರಾಜ್ಯದಲ್ಲಿ ಈ ಬೆಲೆಯ ಮನೆಗೆ ಮುದ್ರಾಂಕ ಶುಲ್ಕ ಶೇಕಡಾ 5. ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ ಶೇಕಡಾ 2 ಆಗಿದೆ. ಇವೆರಡೇ ಮೂರೂವರೆ ಲಕ್ಷವಾಗುತ್ತವೆ. ಮೇಲೆ ಉಪಕರಗಳು ಬೇರೆ. ಬ್ಯಾಂಕು ಇವನ್ನು ಮನೆಯ ಬೆಲೆಯಲ್ಲಿ ಸೇರಿಸಿಕೊಳ್ಳುವುದಿಲ್ಲವಾದ ಕಾರಣ ಈ ಹಣವೂ ಕೈಯಿಂದಲೇ ಹೋಗತಕ್ಕದ್ದು.

ಇನ್ನು ಕಂತು. ಬಡ್ಡಿ ಶೇಕಡಾ ಎಂಟೂವರೆ, ಅವಧಿ 20 ವರ್ಷ ಎಂದು ಹಿಡಿದರೆ ತಿಂಗಳಿಗೆ ಸುಮಾರು 34,700 ರೂಪಾಯಿ ಕಟ್ಟಬೇಕು. ಮೊದಲನೆಯ ತಿಂಗಳ ಕಂತಿನಲ್ಲಿಯೇ 28,333 ರೂಪಾಯಿ ಬಡ್ಡಿಗೆ ಹೋಗುತ್ತದೆ; ಅಸಲಿಗೆ ಸಲ್ಲುವುದು ಆರು ಸಾವಿರದಷ್ಟು ಮಾತ್ರ. ಚಿರಂಜೀವಿಯು ಓದು ಮುಗಿಸಿ ಪದವಿ ಹಿಡಿದು ಬರುವ ಹೊತ್ತಿಗೆ ತಂದೆಯು 48 ಕಂತುಗಳಲ್ಲಿ ಸುಮಾರು 16 ಲಕ್ಷದ 66 ಸಾವಿರ ಕಟ್ಟಿರುತ್ತಾನೆ. ಇದರಲ್ಲಿ ಅಸಲು ತೀರಿದ್ದು 3 ಲಕ್ಷದ 63 ಸಾವಿರ. ಮಿಕ್ಕ 13 ಲಕ್ಷವೂ ಬಡ್ಡಿ. ಸಾಲದ ತಲೆಯ ಮೇಲೆ ಇನ್ನೂ 36 ಲಕ್ಷಕ್ಕೂ ಮಿಕ್ಕಿ ನಿಂತೇ ಇದೆ. ಬಾಡಿಗೆಯ ಹಣ ತಿರುಗಿ ಬಾರದು, ನಿಜ; ಬಡ್ಡಿಯ ಹಣ ತಿರುಗಿ ಬರುವುದೆ?

ಅಂತಹುದೇ ಮನೆ ತಿಂಗಳಿಗೆ 15,000 ರೂಪಾಯಿ ಬಾಡಿಗೆಗೆ ದೊರೆಯುವುದಾದರೆ ನಾಲ್ಕು ವರ್ಷಕ್ಕೆ 7 ಲಕ್ಷದ 20 ಸಾವಿರ. ಕೊಂಡವನು ಬಡ್ಡಿಗೂ ನೋಂದಣಿಗೂ ಕಳೆದುಕೊಂಡದ್ದು ಹದಿನಾರೂವರೆ ಲಕ್ಷ. ಓದು ಮುಗಿದೊಡನೆ ಮಾರುವೆನೆನ್ನುವವನಿಗೆ ಈ ವ್ಯತ್ಯಾಸವೇ ತುಂಬಬೇಕಾದರೂ ಮನೆಯು 59 ಲಕ್ಷಕ್ಕೆ ಹೋಗಬೇಕು. ಕಂದಾಯ, ರಿಪೇರಿ, ಅಪಾರ್ಟ್‌ಮೆಂಟಿನ ನಿರ್ವಹಣೆ, ದಲ್ಲಾಳಿಯ ಪಾಲು, ಕೈಯಿಂದ ಹಾಕಿದ ಹಣದ ಬಡ್ಡಿ ಇವೊಂದನ್ನೂ ನಾವು ಇನ್ನೂ ಹಿಡಿದಿಲ್ಲ. ಬೆಲೆ ಏರಲೂಬಹುದು, ಏರಿದ ಉದಾಹರಣೆಗಳು ನೆಂಟರಲ್ಲಿ ಬೇಕಾದಷ್ಟು ಸಿಕ್ಕುತ್ತವೆ; ಏರದೆ ಕುಳಿತ ಮನೆಗಳ ಸುದ್ದಿಯನ್ನು ಮದುವೆಯ ಮನೆಯಲ್ಲಿ ಯಾರೂ ಹೇಳುವುದಿಲ್ಲ.

ವಯಸ್ಸಿನ ಮಾತೂ ಇದೆ. ಕಾಲೇಜಿಗೆ ಹೋಗುವ ಮಕ್ಕಳ ತಂದೆಗೆ ಸಾಮಾನ್ಯವಾಗಿ ನಲವತ್ತೆಂಟು ಐವತ್ತು ಆಗಿರುತ್ತದೆ. ಸಂಬಳದಾರನ ಸಾಲವು ನಿವೃತ್ತಿಯೊಳಗೆ ತೀರುವಂತಿರಬೇಕೆಂದು ಬ್ಯಾಂಕುಗಳು ಅಪೇಕ್ಷಿಸುವುದು ವಾಡಿಕೆ. ಹನ್ನೆರಡು ವರ್ಷಕ್ಕೆ ಇಳಿಸಿದರೆ ಅದೇ 40 ಲಕ್ಷಕ್ಕೆ ತಿಂಗಳ ಕಂತು 44,400 ರೂಪಾಯಿ. ಕಾಲೇಜಿನ ಶುಲ್ಕ ಕಟ್ಟತಕ್ಕ ಕಾಲವೂ ಇದೇ ಎಂಬುದನ್ನು ಮರೆಯಲಾಗದು. ವಿದ್ಯಾಭ್ಯಾಸದ ಸಾಲಕ್ಕೆ ಓದು ಮುಗಿದು ಒಂದು ವರ್ಷದವರೆಗೆ ಬಿಡುವು ಕೊಡುವ ಪದ್ಧತಿಯಿದೆ. ಮನೆಯ ಸಾಲಕ್ಕೆ ಅಂತಹ ದಾಕ್ಷಿಣ್ಯವಿಲ್ಲ.

ಮನೆಯನ್ನು ಮಗುವಿನ ಹೆಸರಿಗೇ ಮಾಡಿಸೋಣವೆಂಬ ಪ್ರೀತಿಯೂ ಕೆಲವರಲ್ಲುಂಟು. ಹದಿನೆಂಟು ತುಂಬದವರ ಕರಾರು ನಮ್ಮ ದೇಶದಲ್ಲಿ ಸಿಂಧುವಲ್ಲ. 1895ರಲ್ಲಿ ಕಲ್ಕತ್ತೆಯ ಧರ್ಮದಾಸ ಘೋಷನೆಂಬ ಅಪ್ರಾಪ್ತವಯಸ್ಕನು ತನ್ನ ಮನೆಯನ್ನು 20,000 ರೂಪಾಯಿಯ ಸಾಲಕ್ಕೆ ಅಡಮಾನ ಬರೆದುಕೊಟ್ಟನು. ವ್ಯಾಜ್ಯ ನಡೆಯುತ್ತಿರುವಾಗ ಸಾಹುಕಾರನೇ ತೀರಿಕೊಂಡು, ಅವನ ವಿಧವೆ ಮೊಹರಿ ಬೀಬಿಯ ಹೆಸರಿನಲ್ಲಿ ಅದು ಪ್ರಿವಿ ಕೌನ್ಸಿಲಿನವರೆಗೆ ಹೋಯಿತು. 1903ರಲ್ಲಿ ಆ ಅಡಮಾನವು ಮೊದಲಿನಿಂದಲೇ ಶೂನ್ಯವೆಂದು ತೀರ್ಪಾಯಿತು. ಕೊಟ್ಟ ಹಣವೂ ಹಿಂದಕ್ಕೆ ದೊರೆಯಲಿಲ್ಲ. ಅಂದಿನಿಂದ ಸಾಲ ಕೊಡುವವರು ಹುಡುಗರ ರುಜುವಿಗೆ ಹೆದರುವುದು ಸಹಜವೇ ಸರಿ. ಅಲ್ಲದೆ 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯಿದೆಯಂತೆ, ಮಗುವಿನ ಹೆಸರಿನಲ್ಲಿರುವ ಸ್ಥಿರಾಸ್ತಿಯನ್ನು ತಂದೆಯೇ ಆದರೂ ನ್ಯಾಯಾಲಯದ ಅನುಮತಿಯಿಲ್ಲದೆ ಅಡವಿಡಲಾರನು, ಮಾರಲಾರನು. ಹದಿನೆಂಟು ತುಂಬಿದ ವಿದ್ಯಾರ್ಥಿಯನ್ನು ಜೊತೆ ಸಾಲಗಾರನನ್ನಾಗಿ ಮಾಡಬಹುದು. ಆದರೆ ಸಂಪಾದನೆಯಿಲ್ಲದ ಅವನ ರುಜುವಿನಿಂದ ಸಾಲದ ಮೊತ್ತವೇನೂ ಹೆಚ್ಚಾಗದು. ಕಂತು ತಪ್ಪಿದರೆ ಮಾತ್ರ ಕಪ್ಪುಚುಕ್ಕೆ ಅವನ ಹೆಸರಿಗೂ ಬೀಳುತ್ತದೆ. ಮುಂದೆ ತನ್ನ ಸಂಸಾರಕ್ಕಾಗಿ ಸಾಲ ಕೇಳುವಾಗ ಅವನು ಅದಕ್ಕೆ ಉತ್ತರ ಹೇಳಬೇಕು.

ನಮಗೆ ಎಲ್ಲಕ್ಕಿಂತ ಕಳವಳ ತರುವುದು ಇನ್ನೊಂದು. ಕೈಯಿಂದ ಹಾಕಬೇಕಾದ ಹಣ ಸಾಲದೆ, ಊರಿನಲ್ಲಿರುವ ಸ್ವಂತ ಮನೆಯನ್ನು ಅಡವಿಟ್ಟು ಬೆಂಗಳೂರಿನ ಮನೆಗೆ ಹೊಂದಿಸುವವರಿದ್ದಾರೆ. ಕಂತು ತೊಂಬತ್ತು ದಿನ ಮೀರಿ ನಿಂತರೆ ಸಾಲವು ವಸೂಲಾಗದ ಸಾಲವೆನಿಸಿಕೊಳ್ಳುತ್ತದೆ. ಆ ಮೇಲೆ 2002ರ ಸರ್ಫೇಸಿ ಕಾಯಿದೆಯಂತೆ ಅರವತ್ತು ದಿನಗಳ ನೋಟೀಸು ಕೊಟ್ಟು, ದಾವೆ ಹೂಡದೆಯೇ ಬ್ಯಾಂಕು ಅಡಮಾನದ ಆಸ್ತಿಯನ್ನು ಸ್ವಾಧೀನಕ್ಕೆ ತೆಗೆದುಕೊಳ್ಳಬಹುದು. ವ್ಯವಸಾಯದ ಜಮೀನಿಗೆ ಈ ಕಾಯಿದೆ ತಗಲುವುದಿಲ್ಲ. ವಾಸದ ಮನೆಗೆ ತಗಲುತ್ತದೆ. ವೃದ್ಧ ತಾಯಿ ಮಲಗುವ ಕೋಣೆಯನ್ನು ಮೊಮ್ಮಗನ ಕಾಲೇಜಿನ ನಂಟಿಗೆ ಒತ್ತೆಯಿಡುವುದು ನಮಗೆ ಸರಿಯೆಂದು ತೋರುವುದಿಲ್ಲ.

ಹಾಗೆಂದು ಕೊಳ್ಳಲೇಬಾರದೆಂದು ನಾವು ಹೇಳುತ್ತಿಲ್ಲ. ಹಿರಿಯವಳ ಹಿಂದೆ ಕಿರಿಯವನೂ ಅದೇ ಊರಿಗೆ ಓದಲು ಹೋಗುವನು, ನಿವೃತ್ತಿಯಾದ ಮೇಲೆ ತಾವೂ ಅಲ್ಲಿಯೇ ನೆಲಸುವೆವು ಎಂದು ನಿಶ್ಚಯವಿರುವವರು ಕೊಳ್ಳಲಿ. ಅವರಿಗೆ ಅದು ಓದಿನ ಖರ್ಚಲ್ಲ, ತಮ್ಮದೇ ಮನೆ. ಸಾಲವನ್ನು ಬದಲಾಗುವ ಬಡ್ಡಿದರದಲ್ಲಿ ತೆಗೆದರೆ, 2012ರಿಂದ ಬ್ಯಾಂಕುಗಳು ಮುಂಚಿತವಾಗಿ ತೀರಿಸಿದ್ದಕ್ಕೆ ದಂಡ ಹಾಕುವಂತಿಲ್ಲವಾದುದರಿಂದ, ಕೈಗೆ ಬಂದ ಹಣವನ್ನು ಮೊದಲ ವರ್ಷಗಳಲ್ಲಿಯೇ ಅಸಲಿಗೆ ಕಟ್ಟುವುದು ಲಾಭಕರ.

ಮಿಕ್ಕವರಿಗೆ ನಮ್ಮ ನಾಡಿನ ಹಳೆಯ ಪದ್ಧತಿಯೊಂದಿದೆ, ಭೋಗ್ಯ. ಮನೆಯ ಯಜಮಾನನಿಗೆ ಒಂದು ಗಂಟನ್ನು ಒಟ್ಟಿಗೆ ಕೊಟ್ಟು, ಬಾಡಿಗೆಯಿಲ್ಲದೆ ವಾಸವಿದ್ದು, ಬಿಡುವಾಗ ಹಣವನ್ನು ಹಾಗೆಯೇ ಹಿಂದಕ್ಕೆ ಪಡೆಯುವುದು. ಮೈಸೂರು ಬೆಂಗಳೂರುಗಳಲ್ಲಿ ಇದು ಇಂದಿಗೂ ನಡೆಯುತ್ತಿದೆ. ಮನೆ ಕೊಳ್ಳಲು ಕೂಡಿಸಿಟ್ಟ ಹತ್ತು ಹದಿಮೂರು ಲಕ್ಷವುಳ್ಳವರು ಮೊದಲು ಇದನ್ನು ವಿಚಾರಿಸಬಹುದು. ಆದರೆ ಯಜಮಾನನು ಅದೇ ಮನೆಯನ್ನು ಮೊದಲೇ ಬ್ಯಾಂಕಿಗೆ ಅಡವಿಟ್ಟಿದ್ದರೆ ಭೋಗ್ಯದಾರನ ಗಂಟು ಅಪಾಯದಲ್ಲಿ ಬೀಳುತ್ತದೆ. ಆದುದರಿಂದ ಉಪನೋಂದಣಾಧಿಕಾರಿಯ ಕಚೇರಿಯಿಂದ ಋಣಭಾರ ಪತ್ರವನ್ನು ತೆಗೆಸಿ, ಮೂಲ ಹಕ್ಕುಪತ್ರಗಳು ಯಜಮಾನನ ಕೈಯಲ್ಲಿಯೇ ಇವೆಯೇ ಎಂದು ಕಣ್ಣಾರೆ ನೋಡಿ, ಪತ್ರವನ್ನು ನೋಂದಣಿ ಮಾಡಿಸಿಕೊಂಡ ಮೇಲೆಯೇ ಹಣ ಕೊಡತಕ್ಕದ್ದು. ಅದೂ ನಗದಾಗಿ ಅಲ್ಲ, ಬ್ಯಾಂಕಿನ ಮುಖಾಂತರ.