ದೊರೆ ಕೊಟ್ಟ ರಾಜ್ಯಾಂಗ, ದೊರೆಯದೇ ನ್ಯಾಯಪೀಠ

ಮೊರೊಕ್ಕೊ ದೇಶದ ಅರಸೊತ್ತಿಗೆಯನ್ನು ಹೊಗಳುವವರು ಮಾತೆತ್ತಿದರೆ 2011ರ ರಾಜ್ಯಾಂಗವನ್ನು ತೋರಿಸುತ್ತಾರೆ. ನೆರೆಯ ಅರಬ್ ದೇಶಗಳಲ್ಲಿ ಅಧಿಕಾರಪೀಠಗಳು ಉರುಳುತ್ತಿದ್ದಾಗ ಆರನೆಯ ಮಹಮ್ಮದ್ ದೊರೆ ತಾವಾಗಿಯೇ ಸುಧಾರಣೆ ತಂದರಂತೆ!

ತಾವಾಗಿಯೇ ಅಲ್ಲ. ಆ ವರ್ಷ ಫೆಬ್ರವರಿ 20ರಂದು ಯುವಕರು ಬೀದಿಗಿಳಿದ ಮೇಲೆ ಅರಮನೆಗೆ ಎಚ್ಚರವಾಯಿತು. ಮಾರ್ಚ್ 9ಕ್ಕೆ ದೊರೆಯ ಭಾಷಣ. ದೊರೆಯೇ ನೇಮಿಸಿದ ಸಮಿತಿಯಿಂದ ಕರಡು. ಜುಲೈ 1ಕ್ಕೆ ಜನಮತ. ನೂರಕ್ಕೆ 98ಕ್ಕೂ ಹೆಚ್ಚು ಮತ ಬಿತ್ತೆಂದು ಸರ್ಕಾರ ಸಾರಿತು. ನಮ್ಮ ಸಂತೆಯಲ್ಲಿ ಒಂದು ಎಮ್ಮೆಯ ಬೆಲೆಗೂ ಇಷ್ಟು ಒಮ್ಮತ ಹುಟ್ಟುವುದಿಲ್ಲ.

ಏನೂ ಸಿಗಲಿಲ್ಲವೆಂದು ನಾವು ಹೇಳುವುದಿಲ್ಲ. ಚುನಾವಣೆಯಲ್ಲಿ ಮೊದಲ ಸ್ಥಾನ ಪಡೆದ ಪಕ್ಷದಿಂದಲೇ ಪ್ರಧಾನಿಯನ್ನು ಆರಿಸಬೇಕಾಯಿತು. ನ್ಯಾಯಾಧೀಶರ ಮಂಡಳಿಯಿಂದ ನ್ಯಾಯಮಂತ್ರಿ ಹೊರಬಿದ್ದರು. ನ್ಯಾಯಾಂಗ ಸ್ವತಂತ್ರವೆಂದು 107ನೆಯ ವಿಧಿ ಬರೆಯಿತು. ಆ ಸ್ವಾತಂತ್ರ್ಯಕ್ಕೆ ಜಾಮೀನು ಯಾರು? ಅದೇ ವಿಧಿಯ ಪ್ರಕಾರ, ದೊರೆ! ಮಂಡಳಿಯ ಅಧ್ಯಕ್ಷರು ದೊರೆ. ಅದರ 20 ಸದಸ್ಯರಲ್ಲಿ 10 ಮಂದಿಯನ್ನು ನ್ಯಾಯಾಧೀಶರೇ ಚುನಾಯಿಸುತ್ತಾರೆ, ನಿಜ. ಆದರೆ ದೊರೆಯ ಪರವಾಗಿ ಮಂಡಳಿ ನಡೆಸುವವರು ದೊರೆ ನೇಮಿಸಿದವರು. ರಾಜ್ಯಾಂಗ ನ್ಯಾಯಾಲಯದ 12 ಮಂದಿಯಲ್ಲಿ 6 ಮಂದಿ ದೊರೆಯ ನೇಮಕ, ಅಧ್ಯಕ್ಷರ ಆಯ್ಕೆಯೂ ಅವರದೇ. ತೀರ್ಪು ಕೊಡುವುದು ದೊರೆಯ ಹೆಸರಿನಲ್ಲಿ. ಗಿರಣಿ ಮಾಲೀಕನೇ ಪಂಚಾಯಿತಿಗೆ ಅಧ್ಯಕ್ಷನಾಗಿ ಪಂಚರನ್ನೂ ಆರಿಸಿದರೆ, ಕೂಲಿ ವ್ಯಾಜ್ಯವನ್ನು ನಾವು ಅಲ್ಲಿಗೆ ಒಯ್ಯುತ್ತೇವೆಯೇ?

ದೊರೆ ಶ್ರದ್ಧಾವಂತರ ನಾಯಕ, ಅದು ಧರ್ಮದ ವಿಷಯ ಎಂಬ ಸಮಾಧಾನವೂ ಉಂಟು. ಧರ್ಮದ ಮೇಲೆ ನಮಗೆ ದೂರಿಲ್ಲ. ಮಸೀದಿಗೆ ಹೋಗುವ ಬಡವನೇ ಈ ನ್ಯಾಯಾಲಯದ ಕಟಕಟೆಯಲ್ಲೂ ನಿಲ್ಲುವವನು.

ಇದೆಲ್ಲ ಕಾಗದದ ತಕರಾರು ಎನ್ನುವವರು ಆ ದೇಶದ ಉತ್ತರ ಕರಾವಳಿಯ ಅಲ್ ಹೊಸೈಮಾ ಪಟ್ಟಣದ ಸಂಗತಿ ಕೇಳಲಿ. 2016ರ ಅಕ್ಟೋಬರ್‌ನಲ್ಲಿ ಅಧಿಕಾರಿಗಳು ಮೊಹ್ಸಿನ್ ಫಿಕ್ರಿ ಎಂಬ ಮೀನು ವ್ಯಾಪಾರಿಯ ಸರಕು ಜಪ್ತಿ ಮಾಡಿ ಕಸದ ಲಾರಿಗೆ ಎಸೆದರು. ಉಳಿಸಿಕೊಳ್ಳಲು ಲಾರಿ ಹತ್ತಿದವನು ಅದರ ಯಂತ್ರಕ್ಕೆ ಸಿಕ್ಕಿ ಸತ್ತ. ಊರು ಸಿಡಿದೆದ್ದಿತು. ಕೇಳಿದ್ದೇನು? ಆಸ್ಪತ್ರೆ, ವಿಶ್ವವಿದ್ಯಾಲಯ, ಕೆಲಸ. ಸಿಕ್ಕಿದ್ದೇನು? 2018ರ ಜೂನ್‌ನಲ್ಲಿ ಚಳವಳಿಯ ಮುಂದಾಳು ನಾಸರ್ ಜಫ್ಜಾಫಿಗೂ ಮತ್ತೆ ಮೂವರಿಗೂ 20 ವರ್ಷ ಸೆರೆ! 2019ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಮುಂದೆ ಈ ಚಳವಳಿಯ ಅನೇಕ ಕೈದಿಗಳು ಬಿಡುಗಡೆಯಾದರು. ನ್ಯಾಯಾಲಯದ ಮರುವಿಚಾರಣೆಯಿಂದಲ್ಲ, ಹಬ್ಬದ ದಿನಗಳಲ್ಲಿ ದೊರೆ ಕೊಟ್ಟ ಕ್ಷಮಾದಾನದಿಂದ.

ಆ ಮಂಡಳಿಯ ಪೀಠದಿಂದ ದೊರೆ ಇಳಿಯಲಿ, ನೇಮಕದ ಅಧಿಕಾರ ಅರಮನೆಯ ಕೈಬಿಡಲಿ. ಆಗ ನಾವೂ ಅದನ್ನು ಸುಧಾರಣೆಯೆಂದು ಕರೆಯುತ್ತೇವೆ.