ಹೆಸರಿಲ್ಲದ ಮಳೆಗೆ ನಾವು ಹೆದರುವುದು ಯಾವಾಗ?

ಅಕ್ಟೋಬರ್ ಎರಡನೇ ವಾರ ಬಂತೆಂದರೆ ಚೆನ್ನೈನಲ್ಲಿರುವ ನಮ್ಮಂಥವರ ವಾಟ್ಸ್ಆ್ಯಪ್ ಗುಂಪುಗಳಿಗೆ ಜ್ವರ ಬರುತ್ತದೆ. ಊರಲ್ಲಿ ಚಿತ್ತೆ ಮಳೆ ಹಿಡಿದಿರುತ್ತದೆ, ಇಲ್ಲಿ ನಮಗೆ ಬಂಗಾಳಕೊಲ್ಲಿಯ ನಕಾಶೆ ಹಿಡಿದಿರುತ್ತದೆ. ಬಣ್ಣ ಬಣ್ಣದ ಸುಳಿಗಳು, ಶಾವಿಗೆ ಚೆಲ್ಲಿದ ಹಾಗೆ ಹತ್ತಾರು ಗೆರೆಗಳು. ‘ಯುರೋಪಿನ ಮಾಡೆಲ್ ಹೀಗನ್ನುತ್ತೆ, ಅಮೆರಿಕದ್ದು ಹಾಗನ್ನುತ್ತೆ’ ಎಂದು ವಾದಿಸುವ ಸಾಫ್ಟ್‌ವೇರ್ ಗೆಳೆಯರು. ಎಲ್ಲರಿಗೂ ಬೇಕಾದದ್ದು ಒಂದೇ ಪ್ರಶ್ನೆಗೆ ಉತ್ತರ: ‘ಇಲ್ಲಿಗೆ ಬರುತ್ತಾ, ಇಲ್ವಾ?’

ನನ್ನ ಜಗಳ ಇರುವುದು ಈ ಪ್ರಶ್ನೆಯ ಜೊತೆಗೇ. ಇದು ಮುಗ್ಧವಾದ ಪ್ರಶ್ನೆ ಅಂತ ನನಗನ್ನಿಸುವುದಿಲ್ಲ. ಈ ಪ್ರಶ್ನೆ ಕೇಳುವವರು ಗೆರೆಯನ್ನು ನೋಡುತ್ತಾರೆ, ನೀರನ್ನು ನೋಡುವುದಿಲ್ಲ.

2024ರ ಅಕ್ಟೋಬರ್ ನೆನಪಿಸಿಕೊಳ್ಳಿ. ಬಂಗಾಳಕೊಲ್ಲಿಯ ವಾಯುಭಾರ ಕುಸಿತ ಉತ್ತರ ತಮಿಳುನಾಡಿನ ಕಡೆ ಹೊರಟಿತ್ತು. ಹವಾಮಾನ ಇಲಾಖೆ ಚೆನ್ನೈ, ತಿರುವಳ್ಳೂರು, ಕಾಂಚೀಪುರ, ಚೆಂಗಲ್ಪಟ್ಟು ಜಿಲ್ಲೆಗಳಿಗೆ ಕೆಂಪು ಎಚ್ಚರಿಕೆ ಕೊಟ್ಟಿತು. ಶಾಲೆಗಳಿಗೆ ರಜೆ, ಕಚೇರಿಗಳಿಗೆ ಮನೆಯಿಂದಲೇ ಕೆಲಸ. ಅಂಗಡಿಗಳಲ್ಲಿ ಹಾಲು, ಬ್ರೆಡ್ಡು ಖಾಲಿ. ವೇಳಚ್ಚೇರಿಯ ಮೇಲ್ಸೇತುವೆ ಮೇಲೆ ಜನ ಸಾಲಾಗಿ ಕಾರು ತಂದು ನಿಲ್ಲಿಸಿದರು. 15ರಂದು ಮಳೆ ಬಿತ್ತು. ಎಲ್ಲರೂ ಉಸಿರು ಬಿಗಿಹಿಡಿದು ಕಾದ 16ರಂದು ಹೇಳಿಕೊಳ್ಳುವಂಥದ್ದೇನೂ ಬೀಳಲಿಲ್ಲ. 17ರ ಬೆಳಗಿನ ಜಾವ ಕುಸಿತ ಸದ್ದಿಲ್ಲದೆ ಕರಾವಳಿ ದಾಟಿತು. ಆಮೇಲೆ ಶುರುವಾಯಿತು ನೋಡಿ ನಗೆ. ಮೇಲ್ಸೇತುವೆಯ ಕಾರುಗಳ ಮೇಲೆ ಮೀಮ್, ಹವಾಮಾನ ಇಲಾಖೆಯ ಮೇಲೆ ಮೀಮ್, ‘ರೆಡ್ ಅಲರ್ಟ್ ಅಂದ್ರೆ ಬಿಸಿಲು ಅಂತ ಅರ್ಥ’ ಅನ್ನುವ ಜೋಕು. ನಮ್ಮ ಕನ್ನಡ ಗುಂಪುಗಳೂ ಹಿಂದೆ ಬೀಳಲಿಲ್ಲ. ಪಂಚಾಂಗದವರೇ ವಾಸಿ ಎಂದವರಿದ್ದರು.

ನನಗೆ ಆಗ ಬಂದದ್ದು ಸಿಟ್ಟು. ವೇಳಚ್ಚೇರಿಯಲ್ಲಿ ಕಾರು ಮೇಲಕ್ಕೆ ತಂದವರನ್ನು ನೋಡಿ ನಗುವವರು 2015ರಲ್ಲಿ, 2023ರಲ್ಲಿ ಅದೇ ಬಡಾವಣೆಯಲ್ಲಿ ಕಾರುಗಳು ಮುಳುಗಿದ್ದನ್ನು ನೋಡಿರಲಿಲ್ಲವೆ? ಒಮ್ಮೆ ಎಂಜಿನ್‌ಗೆ ನೀರು ನುಗ್ಗಿಸಿಕೊಂಡು, ವಿಮೆಯವರ ಹಿಂದೆ ತಿಂಗಳುಗಟ್ಟಲೆ ಅಲೆದವನು ಮತ್ತೊಮ್ಮೆ ಎಚ್ಚರಿಕೆ ಬಂದಾಗ ಸೇತುವೆ ಹುಡುಕಿಕೊಂಡು ಹೋಗುವುದು ವಿವೇಕ. ನಗಬೇಕಾದದ್ದು ಏನಾದರೂ ಇದ್ದರೆ, ಕೋಟಿ ರೂಪಾಯಿಯ ಫ್ಲ್ಯಾಟು ಕೊಂಡವನಿಗೂ ಕಾರು ನಿಲ್ಲಿಸಲು ಸರ್ಕಾರದ ಸೇತುವೆಯೇ ಗತಿಯಾದ ಊರನ್ನು ಕಟ್ಟಿದವರ ಬಗ್ಗೆ.

ಕೆಂಪು ಎಚ್ಚರಿಕೆ ಅಂದರೆ ಮಾತು ಕೊಟ್ಟ ಹಾಗಲ್ಲ. ಒಂದು ದಿನದಲ್ಲಿ ಇಪ್ಪತ್ತು ಸೆಂಟಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಸಾಧ್ಯತೆ ಗಟ್ಟಿಯಾಗಿ ಕಂಡಾಗ, ಸಿದ್ಧರಾಗಿ ಎಂದು ಆಡಳಿತಕ್ಕೆ ಹೇಳುವ ಬಣ್ಣ ಅದು. ಸಮುದ್ರದ ಮೇಲಿನ ವಾಯುಭಾರ ಕುಸಿತದಲ್ಲಿ ದಟ್ಟ ಮೋಡ ಸರಿಯಾಗಿ ನಡುವೆಯೇ ಕೂತಿರಬೇಕೆಂದಿಲ್ಲ. ಕೇಂದ್ರ ನಮ್ಮ ಕಡೆಗೇ ಬಂದರೂ ಮೋಡದ ಪಟ್ಟಿ ಐವತ್ತು ಕಿಲೋಮೀಟರ್ ಆಚೆ ಸರಿದರೆ ನಮಗೆ ತುಂತುರು, ಪಕ್ಕದ ಜಿಲ್ಲೆಗೆ ಪ್ರಳಯ. ಇದು ವಿಜ್ಞಾನ ಗೊತ್ತಿಲ್ಲದವರಿಗೆ ಹೇಳುತ್ತಿರುವ ಮಾತಲ್ಲ. ದಿನವಿಡೀ ಸಂಭವನೀಯತೆಯ ಲೆಕ್ಕದಲ್ಲೇ ಸಂಬಳ ಎಣಿಸುವ, ಸರ್ವರ್ ಬೀಳಬಹುದೆಂದು ಎರಡೆರಡು ಬ್ಯಾಕಪ್ ಇಡುವ ನಮ್ಮವರಿಗೇ ಹೇಳುತ್ತಿದ್ದೇನೆ. ಬ್ಯಾಕಪ್ ಬಳಕೆಗೆ ಬರಲಿಲ್ಲವೆಂದು ಯಾರಾದರೂ ಮೀಮ್ ಮಾಡಿದ್ದುಂಟೆ?

‘ತೋಳ ಬಂತು ತೋಳ ಅಂತ ಕೂಗ್ತಾನೇ ಇದ್ರೆ ಜನ ನಂಬೋದು ಬಿಡ್ತಾರೆ’ ಎಂಬ ವಾದ ಇದೆ. ಹಗುರವಾದ ವಾದವಲ್ಲ. ಎಚ್ಚರಿಕೆ ಬಂದ ದಿನ ಕಾಸಿಮೇಡಿನ ಮೀನುಗಾರ ದೋಣಿ ಕಟ್ಟಿಹಾಕುತ್ತಾನೆ, ಅವನ ಆ ದಿನದ ಗಳಿಕೆ ಹೋಯಿತು. ಗಾರೆ ಕೆಲಸದವರ ಕೂಲಿ ಹೋಯಿತು. ಹುಸಿಯಾದ ಎಚ್ಚರಿಕೆಗೆ ನಿಜವಾಗಿ ಬೆಲೆ ತೆರುವವರು ಇವರು. ಆದರೆ ಗಮನಿಸಿ, ಮೀಮ್ ಮಾಡಿದವರು ಇವರಲ್ಲ. 2017ರ ನವೆಂಬರ್ ಕೊನೆಯಲ್ಲಿ ಒಖಿ ಚಂಡಮಾರುತ ಕನ್ಯಾಕುಮಾರಿಯ ಬಳಿ ಒಂದೇ ದಿನದೊಳಗೆ ಬಲಿತು ನಿಂತಾಗ ಆಳ ಸಮುದ್ರಕ್ಕೆ ಹೋಗಿದ್ದವರಿಗೆ ಸುದ್ದಿ ಮುಟ್ಟಲೇ ಇಲ್ಲ. ಎಷ್ಟೋ ಮಂದಿ ಹಿಂದಿರುಗಲಿಲ್ಲ. ಎಚ್ಚರಿಕೆ ಇಲ್ಲದ ದಿನದ ಬೆಲೆ ಏನೆಂದು ಆ ಕೇರಿಗಳಿಗೆ ಗೊತ್ತು. ಮನೆಯಿಂದಲೇ ಲ್ಯಾಪ್‌ಟಾಪ್ ತೆರೆದು, ಮಧ್ಯಾಹ್ನ ಬಜ್ಜಿ ತರಿಸಿಕೊಂಡು ತಿಂದವರಿಗೆ ಆ ಎಚ್ಚರಿಕೆಯಿಂದ ನಷ್ಟವಾದದ್ದೇನು? ಬಜ್ಜಿ ತಂದುಕೊಟ್ಟ ಹುಡುಗನಿಗೆ ಮನೆಯಿಂದ ಕೆಲಸ ಇರಲಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಎಚ್ಚರಿಕೆ ಏನು ಮಾಡಬಲ್ಲದು ಎನ್ನುವುದಕ್ಕೆ ಒಡಿಶಾ ಇದೆ. 1999ರ ಅಕ್ಟೋಬರ್ 29ರ ಮಹಾ ಚಂಡಮಾರುತದಲ್ಲಿ ಅಲ್ಲಿ ಸತ್ತವರು ಹತ್ತು ಸಾವಿರದ ಹತ್ತಿರ. 2013ರ ಅಕ್ಟೋಬರ್ 12ರಂದು ಗೋಪಾಲಪುರದ ಬಳಿ ಫೈಲಿನ್ ಅಪ್ಪಳಿಸುವ ಮೊದಲು ಹತ್ತು ಲಕ್ಷದಷ್ಟು ಜನರನ್ನು ಸಾಗಿಸಲಾಗಿತ್ತು; ಸಾವು ಹತ್ತುಗಳ ಲೆಕ್ಕಕ್ಕೆ ಇಳಿಯಿತು. ಆ ಹತ್ತು ಲಕ್ಷ ಜನರಲ್ಲಿ ಎಷ್ಟೋ ಮಂದಿಯ ಮನೆಗೆ ಏನೂ ಆಗಿರಲಿಕ್ಕಿಲ್ಲ. ಅವರನ್ನು ಎಬ್ಬಿಸಿ ಕರೆದೊಯ್ದದ್ದು ತಪ್ಪಾಯಿತೆ?

ಇನ್ನು ಹೆಸರಿನ ವಿಚಾರ. ಗಾಳಿಯ ವೇಗ ಗಂಟೆಗೆ 62 ಕಿಲೋಮೀಟರ್ ಮುಟ್ಟಿದರೆ ನಮ್ಮ ಕಡೆಯ ಸಮುದ್ರದ ಸುಳಿಗೆ ಹೆಸರಿಡುತ್ತಾರೆ, ಹದಿಮೂರು ದೇಶಗಳು ಕೊಟ್ಟ ಪಟ್ಟಿಯಿಂದ. ಹೆಸರು ಬಂತೆಂದರೆ ಟಿವಿಗೆ ಹಬ್ಬ. ಕನ್ನಡ ಚಾನೆಲ್ಲುಗಳಲ್ಲಿ ‘ಅಬ್ಬರ’, ‘ರಣಚಂಡಿ’, ಹಿನ್ನೆಲೆಯಲ್ಲಿ ಯುದ್ಧದ ಸಂಗೀತ. ಊರಿಂದ ಅಮ್ಮನ ಫೋನು, ‘ಅಲ್ಲಿಗೆ ಬತ್ತದಂತಲ್ಲೋ’ ಎಂದು. ಹೆಸರಿಲ್ಲದಿದ್ದರೆ? ಬರೀ ‘ವಾಯುಭಾರ ಕುಸಿತ’. ಆಕಾಶವಾಣಿಯ ಕಾಲದಿಂದ ಕೇಳಿ ಕೇಳಿ ನಮ್ಮ ಕಿವಿಗೆ ಜಡ್ಡುಗಟ್ಟಿದ ಮಾತು.

ಆದರೆ ಲೆಕ್ಕ ತೆಗೆದು ನೋಡಿ. 2015ರ ಡಿಸೆಂಬರ್ 1ರಂದು ತಾಂಬರಂನಲ್ಲಿ 49 ಸೆಂ.ಮೀ., ಚೆಂಬರಂಬಾಕ್ಕಂನಲ್ಲಿ 47 ಸೆಂ.ಮೀ. ಸುರಿದು ಅಡ್ಯಾರ್ ನದಿ ಊರೊಳಗೆ ಬಂದದ್ದು ಯಾವ ಚಂಡಮಾರುತದಿಂದ? ಅದಕ್ಕೆ ಹೆಸರೇ ಇರಲಿಲ್ಲ. 2023ರ ಡಿಸೆಂಬರ್‌ನಲ್ಲಿ ತೂತುಕುಡಿ ಜಿಲ್ಲೆಯ ಕಾಯಲ್‌ಪಟ್ಟಣದಲ್ಲಿ ಒಂದೇ ದಿನ 95 ಸೆಂ.ಮೀ. ಬಿತ್ತು. ನಮ್ಮ ಕಡೆಯ ಎಷ್ಟೋ ತಾಲ್ಲೂಕುಗಳಿಗೆ ವರ್ಷವಿಡೀ ಬೀಳುವುದಕ್ಕಿಂತ ಹೆಚ್ಚು. ಅದಕ್ಕೂ ಹೆಸರಿಲ್ಲ. ಹೈದರಾಬಾದಿನ ಓದುಗರಿಗೆ 2020ರ ಅಕ್ಟೋಬರ್ 13ರ ರಾತ್ರಿ ಮರೆತಿರಲಾರದು. ಕಾಕಿನಾಡದ ಬಳಿ ನೆಲಕ್ಕೆ ಬಂದ ಆ ಕುಸಿತ ‘ಚಂಡಮಾರುತ’ ಎನ್ನಿಸಿಕೊಳ್ಳುವ ಮಟ್ಟ ಮುಟ್ಟಿರಲೇ ಇಲ್ಲ. ಹಳೇ ಊರಿನ ಬಡಾವಣೆಗಳು ಎದೆಮಟ್ಟದ ನೀರಿನಲ್ಲಿ ನಿಂತವು. ಅದು ಅಲ್ಲಿಗೇ ಮುಗಿಯದೆ ಕಲಬುರಗಿ, ಯಾದಗಿರಿ, ವಿಜಯಪುರದ ಮೇಲೆ ಹಾದು ಮಹಾರಾಷ್ಟ್ರಕ್ಕೆ ಹೋಯಿತು. ಉಜನಿಯಿಂದ ನೀರು ಬಿಟ್ಟರು, ಭೀಮಾ ತೀರದ ಊರುಗಳು ತೊಗರಿ, ಹತ್ತಿಯ ಜೊತೆಗೆ ಮುಳುಗಿದವು. ಹೈದರಾಬಾದಿನಲ್ಲಿ ದುಡಿಯುವ ಕಲಬುರಗಿಯವನಿಗೆ ಒಂದೇ ವಾರದಲ್ಲಿ ಬಾಡಿಗೆ ಮನೆಯೂ ನೀರಲ್ಲಿ, ಊರಿನ ಹೊಲವೂ ನೀರಲ್ಲಿ. ಆ ವಾರ ಯಾವ ಗುಂಪಿನಲ್ಲಿ ಯಾರು ಗೆರೆ ಎಳೆದು ತೋರಿಸುತ್ತಿದ್ದರು?

ಗೆರೆ ಇದ್ದಾಗಲೂ ಅದು ಹೇಳುವುದು ಕಡಿಮೆ. ಮಿಚಾಂಗ್ (ಉಚ್ಚಾರಣೆ ಮಿಗ್‌ಜಾಮ್ ಅಂತೆ, ಇರಲಿ) ನೆಲ ಮುಟ್ಟಿದ್ದು ಆಂಧ್ರದ ಬಾಪಟ್ಲ ಬಳಿ, 2023ರ ಡಿಸೆಂಬರ್ 5ರಂದು. ಗೆರೆಯ ಪ್ರಕಾರ ಚೆನ್ನೈಗೆ ಅದು ‘ಬರಲೇ ಇಲ್ಲ’. ನೂರು ಕಿಲೋಮೀಟರ್ ಆಸುಪಾಸಿನ ಸಮುದ್ರದಲ್ಲಿ ನಿಧಾನಕ್ಕೆ ತೆವಳಿಕೊಂಡು ಹೋಯಿತು, ಅಷ್ಟೆ. ಆ ನಿಧಾನವೇ ಮುಳುವಾಯಿತು. ಎರಡು ದಿನ ಬಿಡದೆ ಸುರಿಯಿತು, ಅತ್ತ ಉಬ್ಬಿದ ಸಮುದ್ರ ನದಿ, ಕಾಲುವೆಗಳ ನೀರನ್ನು ಒಳಕ್ಕೆ ಬಿಟ್ಟುಕೊಳ್ಳಲಿಲ್ಲ. ವೇಳಚ್ಚೇರಿಯ ಐದು ಫರ್ಲಾಂಗ್ ರಸ್ತೆಯಲ್ಲಿ ಕಟ್ಟಡಕ್ಕೆಂದು ತೋಡಿದ್ದ ಹಳ್ಳ ಕುಸಿದು ಇಬ್ಬರು ಸತ್ತರು; ನೀರು ಖಾಲಿ ಮಾಡಿ ಅವರನ್ನು ಹೊರತೆಗೆಯಲು ದಿನಗಳೇ ಹಿಡಿದವು. ಎಣ್ಣೂರಿನ ಹಿನ್ನೀರಿಗೆ ಪ್ರವಾಹದ ಜೊತೆ ಎಣ್ಣೆ ಬಂದು ಮೀನುಗಾರರ ಬಲೆ, ದೋಣಿಗಳಿಗೆಲ್ಲ ಮೆತ್ತಿಕೊಂಡಿತು. ಇದ್ಯಾವುದೂ ಉಪಗ್ರಹದ ಚಿತ್ರದಲ್ಲಿ ಕಾಣುವಂಥದ್ದಲ್ಲ.

ಫೆಂಗಲ್‌ನ ಕಥೆ ಇನ್ನೂ ಕಹಿ. 2024ರ ನವೆಂಬರ್ 30ರಂದು ನಾವೆಲ್ಲ ನೋಡುತ್ತಿದ್ದದ್ದು ಚೆನ್ನೈ ವಿಮಾನ ನಿಲ್ದಾಣವನ್ನು. ಅದನ್ನು ಮುಚ್ಚಿದರು, ತೆರೆದರು, ನಮ್ಮ ಗಾಬರಿ ಮುಗಿಯಿತು. ಚಂಡಮಾರುತ ಆ ರಾತ್ರಿ ಪುದುಚೇರಿ ಬಳಿ ನೆಲಕ್ಕೆ ಬಂದು ಅಲ್ಲಿಯೇ ಗಂಟೆಗಟ್ಟಲೆ ಕೂತಿತು. ಪುದುಚೇರಿಯಲ್ಲಿ ಒಂದು ದಿನಕ್ಕೆ 45 ಸೆಂ.ಮೀ.ಗೂ ಹೆಚ್ಚು ಮಳೆ. ಮರುದಿನ ತಿರುವಣ್ಣಾಮಲೈಯಲ್ಲಿ ಬೆಟ್ಟ ಜರಿದು ಮಕ್ಕಳೂ ಸೇರಿ ಏಳು ಮಂದಿ ಮಣ್ಣಾದರು. ಸುಳಿ ಸತ್ತಿತು ಎಂದು ನಾವು ಆ್ಯಪ್ ಮುಚ್ಚಿದ ಮೇಲೆ ಅದು ಕೃಷ್ಣಗಿರಿ ಜಿಲ್ಲೆಯ ಊತ್ತಂಗರೆಯಲ್ಲಿ 50 ಸೆಂ.ಮೀ. ಸುರಿಸಿ, ನಿಲ್ಲಿಸಿದ್ದ ವಾಹನಗಳನ್ನು ಆಟಿಕೆಯಂತೆ ಕೊಚ್ಚಿಕೊಂಡು ಹೋಯಿತು. ಸಮುದ್ರದಿಂದ ಅಷ್ಟು ದೂರದ ಊರು ಅದು. ನಮ್ಮಲ್ಲಿ ಅನೇಕರು ಬೆಂಗಳೂರು ಬಸ್ಸಿನಲ್ಲಿ ಹಾದು ಹೋಗುವ ಜಿಲ್ಲೆ. ಡಿಸೆಂಬರ್ 2ರ ನಸುಕಿನಲ್ಲಿ ಸಾತನೂರು ಅಣೆಕಟ್ಟಿನಿಂದ ತೆನ್‌ಪೆಣ್ಣೈಗೆ ಒಂದೂವರೆ ಲಕ್ಷ ಕ್ಯುಸೆಕ್‌ಗೂ ಹೆಚ್ಚು ನೀರು ಬಿಟ್ಟರು. ಕೆಳಗಿನ ವಿಳುಪ್ಪುರಂ, ಕಡಲೂರು ಜಿಲ್ಲೆಗಳ ಊರುಗಳು ಮುಳುಗಿದವು. ಸಾಕಷ್ಟು ಮೊದಲೇ ಹೇಳಲಿಲ್ಲ ಎಂದು ವಿರೋಧ ಪಕ್ಷ, ಐದು ಸಲ ಹೇಳಿದ್ದೆವು ಎಂದು ಸರ್ಕಾರ. ತೆನ್‌ಪೆಣ್ಣೈ ಅಂದರೆ ಬೇರೆ ಯಾವುದೂ ಅಲ್ಲ, ನಂದಿ ಬೆಟ್ಟದ ಕಡೆ ಹುಟ್ಟುವ ನಮ್ಮ ದಕ್ಷಿಣ ಪಿನಾಕಿನಿಯೇ. ಬೆಂಗಳೂರಿನಲ್ಲಿ ಅದರ ನೊರೆ ಚರ್ಚೆಯಾಗುತ್ತದೆ, ಕಡಲೂರಿನಲ್ಲಿ ಅದರ ನೆರೆ.

ಇದೇ ಚಂಡಮಾರುತಗಳ ಬಾಲ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರುಗಳಲ್ಲಿ ರಾಗಿ ಕೊಯ್ಲಿನ ಹೊತ್ತಿಗೆ ಜಡಿಮಳೆಯಾಗಿ ಕೂರುತ್ತದೆ. ಕೊಯ್ದು ಹಾಕಿದ ತೆನೆ ಹೊಲದಲ್ಲೇ ಮೊಳಕೆಯೊಡೆಯುತ್ತದೆ, ಹುಲ್ಲು ಕೊಳೆಯುತ್ತದೆ. ‘ಮದ್ರಾಸಲ್ಲಿ ಸೈಕ್ಲೋನಂತೆ’ ಎಂದು ನಮ್ಮ ಹಿರಿಯರು ಮೋಡ ನೋಡಿ ಹೇಳುತ್ತಿದ್ದ ಮಾತಿನಲ್ಲಿ ಒಂದು ಲೆಕ್ಕಾಚಾರ ಇರುತ್ತಿತ್ತು: ಇವತ್ತು ಕೊಯ್ಯೋದೋ, ನಾಲ್ಕು ದಿನ ಬಿಡೋದೋ, ಮೆದೆಗೆ ಏನು ಹೊದಿಸೋದು. ಉಪಗ್ರಹವಿಲ್ಲದ ಅವರು ಕೇಳುತ್ತಿದ್ದ ಪ್ರಶ್ನೆ ನಮ್ಮದಕ್ಕಿಂತ ಚೆನ್ನಾಗಿತ್ತು.

ನಮಗೆ ಆ ಪ್ರಶ್ನೆ ಯಾಕೆ ಹೊಳೆಯುವುದಿಲ್ಲ ಎಂದರೆ, ಉತ್ತರ ನಮ್ಮ ಕಾಲಕೆಳಗೇ ಇದೆ. ಪಳ್ಳಿಕರಣೈ ಜೌಗು ಒಂದು ಕಾಲದಲ್ಲಿ ಐದು ಸಾವಿರ ಹೆಕ್ಟೇರಿಗೂ ಮಿಕ್ಕಿತ್ತು. ದಕ್ಷಿಣ ಚೆನ್ನೈನ ಕೆರೆಗಳ ಹೆಚ್ಚುವರಿ ನೀರೆಲ್ಲ ಅಲ್ಲಿ ತಂಗಿ ಸಮುದ್ರಕ್ಕೆ ಹೋಗುತ್ತಿತ್ತು. ಇವತ್ತು ಉಳಿದದ್ದು ಅದರ ಚೂರು. ಆ ಚೂರಿಗೆ 2022ರಲ್ಲಿ ರಾಮ್ಸಾರ್ ಪಟ್ಟ ಸಿಕ್ಕಿತು. ಉಳಿದದ್ದರ ಮೇಲೆ ಕಸದ ಗುಡ್ಡೆ, ರಸ್ತೆ, ಐಟಿ ಕಚೇರಿಗಳು, ಫ್ಲ್ಯಾಟುಗಳು ಬಂದವು. ಹಳೇ ಮಹಾಬಲಿಪುರಂ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ಕನ್ನಡ ಕೇಳದ ಮಹಡಿಯೇ ಇಲ್ಲ. ಕೂವಂ, ಅಡ್ಯಾರ್ ದಂಡೆಯ ಗುಡಿಸಲುಗಳನ್ನು ‘ನೆರೆಯಿಂದ ಕಾಪಾಡಲು’ ಎಬ್ಬಿಸಿ ಕಳಿಸಿದ್ದು ಎಲ್ಲಿಗೆ? ಪೆರುಂಬಾಕ್ಕಂಗೆ, ಸೆಮ್ಮಂಜೇರಿಗೆ, ಅದೇ ಜೌಗಿನ ಅಂಚಿಗೆ. ದೊಡ್ಡ ಮಳೆ ಬಂದಾಗ ಅಲ್ಲಿಯೂ ನೀರು ನಿಲ್ಲುತ್ತದೆ. ನಮ್ಮ ಫ್ಲ್ಯಾಟುಗಳಲ್ಲಿ ಪಾತ್ರೆ ತೊಳೆಯುವ ಅಕ್ಕಂದಿರು, ಗೇಟಿನಲ್ಲಿ ನಿಲ್ಲುವ ಅಣ್ಣಂದಿರು ಬರುವುದು ಅಲ್ಲಿಂದಲೇ. ‘ಲಕ್ಷ್ಮಿ ಇವತ್ತು ಯಾಕೆ ಬಂದಿಲ್ಲ, ಚೆನ್ನೈಗೇನೂ ಆಗ್ಲಿಲ್ವಲ್ಲ’ ಎಂದು ಮಿಚಾಂಗ್ ಆದ ವಾರ ಗುಂಪಿನಲ್ಲಿ ಬರೆದವರು ಎತ್ತರದ ಮಹಡಿಯವರು. ಅವರ ಚೆನ್ನೈಗೆ ನಿಜವಾಗಿಯೂ ಏನೂ ಆಗಿರಲಿಲ್ಲ.

ಮೋಡದ ಪಟ್ಟಿ ಎಲ್ಲಿ ನಿಲ್ಲುತ್ತದೆಂದು ಇವತ್ತಿನ ಯಾವ ಮಾಡೆಲ್ಲೂ ಬೀದಿ ಹೆಸರು ಹಿಡಿದು ಹೇಳಲಾರದು. ನೀರು ಎಲ್ಲಿ ನಿಲ್ಲುತ್ತದೆಂದು ಮಾತ್ರ ಪ್ರತಿ ಬೀದಿಯ ಚಹಾದಂಗಡಿಯವನೂ ಹೇಳಬಲ್ಲ. ಚೆಂಬರಂಬಾಕ್ಕಂನ ಪೂರ್ಣ ಮಟ್ಟ 24 ಅಡಿ. ಈ ಬೆಳಗ್ಗೆ ಎಷ್ಟಿದೆ ಎಂಬ ಅಂಕಿಯನ್ನು ನೀರು ಮಂಡಳಿ ಪ್ರಕಟಿಸುತ್ತದೆ, ಪೂಂಡಿ, ರೆಡ್ ಹಿಲ್ಸ್‌ಗಳದ್ದೂ ಸಿಗುತ್ತದೆ. ಉಬ್ಬರದ ಹೊತ್ತು ಯಾವಾಗೆಂದು ಯಾವ ಮೀನುಗಾರನೂ ಹೇಳುತ್ತಾನೆ. ಈ ಮೂರನ್ನು ಒಟ್ಟಿಗೆ ಇಟ್ಟು ನೋಡುವ ಕೆಲಸ ಉಪಗ್ರಹದ ಚಿತ್ರ ಫಾರ್ವರ್ಡ್ ಮಾಡಿದಷ್ಟು ಮಜಾ ಅಲ್ಲ, ಒಪ್ಪುತ್ತೇನೆ.

ಬರುವ ಹಿಂಗಾರಿನಲ್ಲಿ ನಮ್ಮ ಗುಂಪಿಗೆ ಮೊದಲ ಸುಳಿಯ ಚಿತ್ರ ಬಂದಾಗ ನಾನು ಮೂರು ವಿಷಯ ಕೇಳುವವನಿದ್ದೇನೆ, ಬೈಸಿಕೊಳ್ಳಲೂ ಸಿದ್ಧ. ನಮ್ಮ ಅಪಾರ್ಟ್‌ಮೆಂಟಿನ ಕಾವಲುಗಾರ ಮಲಗುವ ಕೋಣೆ ನೆಲಮಾಳಿಗೆಯಲ್ಲಿ ಇದೆಯೋ, ಮೇಲೋ? ಕೆಂಪು ಎಚ್ಚರಿಕೆಯ ದಿನ ಮನೆಗೆಲಸದವರು ಬರದಿದ್ದರೂ ಸಂಬಳ ಹಿಡಿಯುವುದಿಲ್ಲವೆಂದು ಸಂಘ ಮುಂಚೆಯೇ ಬರೆದು ಹಾಕುತ್ತದೆಯೋ? ಮಳೆ ನೀರಿನ ಚರಂಡಿಯ ಮೇಲೆ ಕಟ್ಟಿಕೊಂಡಿರುವ ನಮ್ಮ ಸಂದರ್ಶಕರ ಪಾರ್ಕಿಂಗ್ ಅನ್ನು ಒಡೆಯುವುದು ಯಾವಾಗ?