ಖಂಡಸ್ಫುಟಿತಕ್ಕೆ ಬಿಟ್ಟ ಭೂಮಿ

ಕನ್ನಡ ನಾಡಿನ ದಾನಶಾಸನಗಳನ್ನು ಓದಿದವರಿಗೆ ಒಂದು ಮಾತು ಮೇಲಿಂದ ಮೇಲೆ ಎದುರಾಗುತ್ತದೆ. ದೇವರ ಅಂಗಭೋಗ ರಂಗಭೋಗಕ್ಕೆ, ತಪೋಧನರ ಆಹಾರದಾನಕ್ಕೆ ಎಂದು ಗದ್ದೆ, ಬೆದ್ದಲು, ಗಾಣ, ಸುಂಕಗಳನ್ನು ಬಿಟ್ಟುಕೊಡುವ ಸಾಲುಗಳ ನಡುವೆಯೇ ‘ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ’ ಎಂದೂ ಬರೆದಿರುತ್ತದೆ. ಒಡೆದದ್ದನ್ನು, ಬಿರುಕು ಬಿಟ್ಟದ್ದನ್ನು ಸರಿಪಡಿಸುವ ಖರ್ಚಿಗೆ ಬಿಟ್ಟ ಭೂಮಿ ಅದು. ಎಷ್ಟೋ ಕಡೆ ಈ ದಾನ ನಡೆದದ್ದು ಗುಡಿ ಇನ್ನೂ ಹೊಸದಾಗಿದ್ದಾಗ, ಪ್ರತಿಷ್ಠೆಯ ಹೊತ್ತಿನಲ್ಲೇ. ಕಲ್ಲಿನಲ್ಲಿ ಕಟ್ಟಿಸಿದವರಿಗೂ ಕಲ್ಲು ತಾನಾಗಿ ನಿಲ್ಲುತ್ತದೆ ಎಂಬ ಭ್ರಮೆ ಇರಲಿಲ್ಲ. ಪೂಜೆ ಎಷ್ಟು ನಿತ್ಯವೋ ದುರಸ್ತಿಯೂ ಅಷ್ಟೇ ನಿತ್ಯ ಎಂದು ತಿಳಿದು, ಅದಕ್ಕೆ ಒಂದು ಆದಾಯವನ್ನು ಗೊತ್ತುಮಾಡಿಯೇ ಅವರು ಹೊರಟರು.

ನಮ್ಮ ಕಾಲದ ಸಾರ್ವಜನಿಕ ಕಟ್ಟಡಗಳ ಗತಿಯನ್ನು ನೋಡಿದಾಗ ನನಗೆ ಈ ಸಾಲು ನೆನಪಾಗುತ್ತದೆ. ಹಳೆಯ ಮಾರುಕಟ್ಟೆ, ಆಸ್ಪತ್ರೆ, ಕಚೇರಿ ಕುಸಿದಾಗ ‘ವಯಸ್ಸಾಗಿತ್ತು’ ಎನ್ನುತ್ತೇವೆ. ವಯಸ್ಸು ಕಾರಣವೇ ಅಲ್ಲ ಎಂಬುದು ನನ್ನ ವಾದ. ಕಟ್ಟಡ ಬೀಳುವುದು ಅದರ ದುರಸ್ತಿಗೆ ಯಾರೂ ಹೊಣೆಗಾರರಲ್ಲದಾಗ. ಕಟ್ಟಲು ನಮ್ಮಲ್ಲಿ ಹಣವಿದೆ, ಕೆಡವಲು ಹಣವಿದೆ, ಮತ್ತೆ ಕಟ್ಟಲೂ ಇದೆ. ಮಳೆಗಾಲಕ್ಕೆ ಮುಂಚೆ ತಾರಸಿಯ ಎಲೆ ಬಾಚಲು ಮಾತ್ರ ಇಲ್ಲ.

ಮೈಸೂರನ್ನೇ ನೋಡಿ. ವೈಸ್‌ರಾಯ್ ಲ್ಯಾನ್ಸ್‌ಡೌನ್ ಹೆಸರಿನಲ್ಲಿ 1892ರ ಹೊತ್ತಿಗೆ ಎದ್ದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಸತ್ತರು. ಪುಸ್ತಕದಂಗಡಿಗಳಿಂದ ತುಂಬಿದ್ದ ಸಾಲು ಅದು. ಎಷ್ಟೋ ವಿದ್ಯಾರ್ಥಿಗಳು ಹಳೆಯ ಪಠ್ಯಪುಸ್ತಕವನ್ನು ಅರ್ಧ ಬೆಲೆಗೆ ಕೊಂಡದ್ದು ಅಲ್ಲಿ. ನಾಲ್ಕು ವರ್ಷ ಕಳೆದು, 2016ರ ಆಗಸ್ಟ್‌ನಲ್ಲಿ, ಶತಮಾನ ದಾಟಿದ ದೇವರಾಜ ಮಾರುಕಟ್ಟೆಯ ಉತ್ತರದ ಭಾಗ ಬಿತ್ತು. ಕೆಡವಬೇಕೋ ಉಳಿಸಬೇಕೋ ಎಂಬ ಜಗಳ ತಜ್ಞರ ಸಮಿತಿಗಳನ್ನು ದಾಟಿ ಹೈಕೋರ್ಟಿನವರೆಗೆ ಹೋಯಿತು. ಆ ಜಗಳದಲ್ಲಿ ಎರಡೂ ಕಡೆಯವರು ‘ಪರಂಪರೆ’ಯ ಬಗ್ಗೆ ಮಾತಾಡಿದ್ದಷ್ಟು ಮಳೆನೀರಿನ ಬಗ್ಗೆ ಮಾತಾಡಲಿಲ್ಲ.

ನೀರಿನ ಬಗ್ಗೆ ಮಾತಾಡಲೇಬೇಕು. ಆ ಕಾಲದ ಬಹುಪಾಲು ಕಟ್ಟಡಗಳ ಮಾಳಿಗೆ ‘ಮದ್ರಾಸ್ ತಾರಸಿ’. ಗೋಡೆಯಿಂದ ಗೋಡೆಗೆ ತೇಗದ ತೊಲೆಗಳು, ಅವುಗಳ ಮೇಲೆ ಸುಣ್ಣದ ಗಾರೆಯಲ್ಲಿ ಅಡ್ಡಡ್ಡ ನಿಲ್ಲಿಸಿ ಕೂರಿಸಿದ ಸಣ್ಣ ಇಟ್ಟಿಗೆಗಳು, ಅದರ ಮೇಲೆ ಸುಣ್ಣ, ಇಟ್ಟಿಗೆಚೂರು ಬೆರೆಸಿ ದಮ್ಮಸು ಹಾಕಿದ ಪದರ. ಗಾರೆಯನ್ನು ಎತ್ತು ಕಟ್ಟಿದ ಗಾಣದಲ್ಲಿ ಅರೆಯುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿಯ ರಸ ಸೇರಿಸುತ್ತಿದ್ದರು. ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಒಳಗೆ ಸೇರಿದ ತೇವವನ್ನು ಹೊರಗೆ ಬಿಡುತ್ತದೆ, ಕೂದಲೆಳೆಯಂಥ ಬಿರುಕನ್ನು ತಾನೇ ಮುಚ್ಚಿಕೊಳ್ಳುವ ಗುಣವೂ ಅದಕ್ಕಿದೆ. ಇಷ್ಟೆಲ್ಲ ಒಳ್ಳೆಯತನ ಇರುವ ಕಟ್ಟಣಕ್ಕೆ ಒಂದೇ ಒಂದು ಸಾಯುವ ಜಾಗವಿದೆ: ಗೋಡೆಯೊಳಗೆ ಹೂತ ತೊಲೆಯ ತುದಿ. ಅಲ್ಲಿಗೆ ನೀರು ಇಳಿದರೆ ಮರ ಕೊಳೆಯುತ್ತದೆ, ಕೆಳಗಿನಿಂದ ನೋಡಿದವರಿಗೆ ಗೊತ್ತೇ ಆಗುವುದಿಲ್ಲ. ಹಕ್ಕಿ ಹಿಕ್ಕೆಯಲ್ಲಿ ಬಿದ್ದ ಅರಳಿ ಬೀಜ ತಾರಸಿಯ ಅಂಚಿನಲ್ಲಿ ಮೊಳೆತು, ಬೇರು ಗಾರೆಯ ಸಂದಿ ಹುಡುಕಿದರೆ ನೀರಿಗೆ ದಾರಿ ಸಿದ್ಧ. ಮೊದಲ ವರ್ಷ ಬೆರಳಿನಿಂದ ಕಿತ್ತೆಸೆಯಬಹುದಾದ ಗಿಡ ಹತ್ತನೆಯ ವರ್ಷ ಗೋಡೆಯನ್ನೇ ಸೀಳುತ್ತದೆ.

ಇದರ ಮೇಲೆ ಸಿಮೆಂಟಿನ ‘ದುರಸ್ತಿ’. ಸೋರಿಕೆ ಕಂಡ ಕೂಡಲೇ ಮೇಲೊಂದು ಸಿಮೆಂಟ್ ಪದರ ಬಳಿಯುವುದು ನಮ್ಮಲ್ಲಿ ವಾಡಿಕೆಯಾಗಿಬಿಟ್ಟಿದೆ. ಸಿಮೆಂಟ್ ಗಡುಸು, ಸುಣ್ಣ ಮೆದು. ಬಿಸಿಲು ಮಳೆಗೆ ಎರಡೂ ಒಂದೇ ಸಮನೆ ಹಿಗ್ಗುವುದಿಲ್ಲ. ಹೊಸ ಪದರ ಬಿರಿದು ನೀರನ್ನು ಒಳಗೆ ಬಿಡುತ್ತದೆ, ಬಿಟ್ಟ ನೀರನ್ನು ಹೊರಗೆ ಹೋಗಲು ಬಿಡುವುದಿಲ್ಲ. ಕಾಳಜಿಯಿಂದ ಮಾಡಿದ ಕೆಲಸವೇ ಕಟ್ಟಡವನ್ನು ಕೊಂದ ಉದಾಹರಣೆಗಳು ಹೀಗೆ ಹುಟ್ಟುತ್ತವೆ. ಗಾರೆ ಕೆಲಸ ಬಲ್ಲ ಕೈಗಳು ಕಡಿಮೆಯಾದದ್ದು ಇದಕ್ಕೆ ಕಾರಣ ಎನ್ನುತ್ತಾರೆ. ಕೆಲಸವೇ ಸಿಗದಿದ್ದರೆ ಕೈಗಳು ಎಲ್ಲಿ ಉಳಿಯುತ್ತವೆ?

ಹಾಗಾದರೆ ಹಳೆಯ ಕಟ್ಟಡವನ್ನು ಬಳಕೆಯಿಂದ ಬಿಡಿಸಿ, ಬೇಲಿ ಹಾಕಿ, ಪುರಾತತ್ವ ಇಲಾಖೆಗೆ ಒಪ್ಪಿಸಿದರೆ ಸುರಕ್ಷಿತವಲ್ಲವೇ ಎಂದು ಕೇಳಬಹುದು. ಈ ಪ್ರಶ್ನೆಗೆ ತೂಕವಿದೆ. ಬಳಕೆ ಎಂದರೆ ಸದಾ ಒಳ್ಳೆಯದೇ ಎಂದು ವಿಜಯಪುರ ಕಂಡವರು ಹೇಳಲಾರರು. ಬ್ರಿಟಿಷರ ಕಾಲದಲ್ಲಿ ಆದಿಲ್‌ಶಾಹಿ ಕಟ್ಟಡಗಳು ಸರ್ಕಾರಿ ಉಪಯೋಗಕ್ಕೆ ಬಿದ್ದಿದ್ದವು. ಒಂದು ಮಸೀದಿಯಲ್ಲಿ ಪ್ರವಾಸಿ ಬಂಗಲೆ, ಇನ್ನೊಂದರಲ್ಲಿ ಅಂಚೆ ಕಚೇರಿ. ವೈಸ್‌ರಾಯ್ ಕರ್ಜನ್ ಅವುಗಳನ್ನು ಹೊರಗೆ ಹಾಕಿಸಿದರು, 1904ರಲ್ಲಿ ಪ್ರಾಚೀನ ಸ್ಮಾರಕಗಳ ರಕ್ಷಣೆಯ ಕಾನೂನನ್ನೂ ತಂದರು. ಐಹೊಳೆಯ ಲಾಡಖಾನ್ ಗುಡಿಗೆ ಆ ಹೆಸರು ಬಂದದ್ದೂ ಅದರಲ್ಲಿ ವಾಸವಿದ್ದವರಿಂದ. ಚಾಲುಕ್ಯರ ಗುಡಿಗಳ ಒಳಗೂ ಹೊರಗೂ ಊರು ಬೆಳೆದುಬಿಟ್ಟಿತ್ತು. ಇಂದು ಅವುಗಳ ಸುತ್ತ ನಡೆದು ನೋಡಲು ಆಗುತ್ತಿರುವುದು ಆ ಮನೆಗಳನ್ನು ತೆರವು ಮಾಡಿದ್ದರಿಂದಲೇ. ಇದನ್ನು ನಾನು ಮನಸಾರೆ ಒಪ್ಪುತ್ತೇನೆ.

ಆದರೆ ತೆರವು ಮಾಡಿದ ಮಾತ್ರಕ್ಕೆ ರಕ್ಷಣೆ ಮುಗಿಯುವುದಿಲ್ಲ. ಹಂಪಿಯ ವಿರೂಪಾಕ್ಷ ಗುಡಿಯ ಮುಂದಿನ ಬೀದಿಯ ಸಾಲುಮಂಟಪಗಳಲ್ಲಿ ನೂರಾರು ಕುಟುಂಬಗಳು ಮನೆ, ಅಂಗಡಿ, ಹೋಟೆಲು ಮಾಡಿಕೊಂಡಿದ್ದವು. 2011ರ ಜುಲೈನಲ್ಲಿ ಅವರನ್ನು ಎಬ್ಬಿಸಿ, ಕಂಬಗಳ ನಡುವೆ ಕಟ್ಟಿಕೊಂಡಿದ್ದ ಗೋಡೆಗಳನ್ನು ಒಡೆದು ಹಾಕಿದರು. ಬಜಾರು ಚಿತ್ರಪಟದಂತೆ ಚೊಕ್ಕಟವಾಯಿತು. 2024ರ ಮೇ ತಿಂಗಳ ಮಳೆಗೆ ಅದೇ ಸಾಲಿನ ಒಂದು ಭಾಗ ಕುಸಿದು ಬಿತ್ತು. ಅಲ್ಲಿ ವಾಸವಿದ್ದವರು ಮಂಟಪಕ್ಕೆ ಕೇಡು ಮಾಡಿರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಮನೆಯೆಂದು ಬದುಕುವವರು ತಲೆಯ ಮೇಲಿನ ಹಾಸುಗಲ್ಲು ಜರುಗಿದ್ದನ್ನು ಮರುದಿನವೇ ನೋಡುತ್ತಿದ್ದರು ಎಂಬುದಷ್ಟೇ ನನ್ನ ಮಾತು. ಅವರ ಕಣ್ಣನ್ನು ಕಳುಹಿಸಿದ ಮೇಲೆ ಆ ಜಾಗಕ್ಕೆ ಬೇರೆ ಕಣ್ಣು ಬೇಕಿತ್ತು. ಅದೇ ಬೀದಿಯ ಕೊನೆಯಲ್ಲಿ ವಿರೂಪಾಕ್ಷನ ಗುಡಿಯಲ್ಲಿ ಇಂದಿಗೂ ಪೂಜೆ, ತೇರು ನಡೆಯುತ್ತವೆ, ಸೋರಿದರೆ ದೂರು ಕೊಡುವವರಿದ್ದಾರೆ. ರೋಮಿನಲ್ಲೂ ಹೀಗೆಯೇ: ಎರಡನೆಯ ಶತಮಾನದ ಪ್ಯಾಂಥಿಯನ್ 609ರಲ್ಲಿ ಚರ್ಚಾಯಿತು, ಸುಮಾರು 43 ಮೀಟರಿನ ಗುಮ್ಮಟ ಇಂದಿಗೂ ನಿಂತಿದೆ, ಒಡೆಯರಿಲ್ಲದ ಕೊಲೋಸಿಯಮ್ಮಿನ ಕಲ್ಲನ್ನು ಶತಮಾನಗಳ ಕಾಲ ಜನ ಹೊತ್ತೊಯ್ದರು.

ಕಾನೂನಿನಲ್ಲೂ ಒಂದು ದೊಡ್ಡ ಕಂದಕವಿದೆ. 1958ರ ಕೇಂದ್ರ ಅಧಿನಿಯಮ ಕನಿಷ್ಠ ನೂರು ವರ್ಷ ಹಳೆಯದಾದ, ರಾಷ್ಟ್ರೀಯ ಮಹತ್ವದ್ದೆಂದು ಘೋಷಿತವಾದ ಸ್ಮಾರಕಗಳನ್ನು ಕಾಯುತ್ತದೆ. 2010ರ ತಿದ್ದುಪಡಿಯ ನಂತರ ಅವುಗಳ ಸುತ್ತ ನೂರು ಮೀಟರ್ ನಿಷೇಧಿತ ವಲಯ. ಗುಡಿ, ಕೋಟೆ, ಗೋರಿಗಳಿಗೆ ಇದು ಸರಿ. ತರಕಾರಿ ಮಾರುವ, ರೋಗಿಗಳನ್ನು ನೋಡುವ, ಪಾಠ ಹೇಳುವ ಕಟ್ಟಡಗಳು ಈ ಪಟ್ಟಿಯಲ್ಲಿ ಕಾಣಸಿಗುವುದು ಅಪರೂಪ. ಅವು ಲೋಕೋಪಯೋಗಿ ಇಲಾಖೆಯದ್ದೋ ನಗರಪಾಲಿಕೆಯದ್ದೋ ಆಸ್ತಿ. ಅಲ್ಲಿ ಅವುಗಳ ಬೆಲೆ ನಿಂತ ನೆಲದ ಬೆಲೆ.

ಬೆಂಗಳೂರಿನ ಅಠಾರಾ ಕಚೇರಿಯೂ ಇದೇ ದಾರಿ ಹಿಡಿಯಬೇಕಿತ್ತು. ಹದಿನೆಂಟು ಇಲಾಖೆಗಳಿಗೆಂದು ಕಟ್ಟಿ 1868ರಲ್ಲಿ ಮುಗಿದ, ಎರಡು ಅಂತಸ್ತಿನ ಕೆಂಪು ಕಟ್ಟಡ ಅದು. 1956ರಲ್ಲಿ ಎದುರಿಗೆ ವಿಧಾನಸೌಧ ಪೂರ್ತಿಯಾದ ಮೇಲೆ ಅದರ ಗಾತ್ರದೆದುರು ಇದು ಸಣ್ಣದಾಗಿ ಕಂಡಿರಬೇಕು. 1980ರ ದಶಕದಲ್ಲಿ ಕೆಡವುವ ಯೋಚನೆ ಬಂತು. ನಾಗರಿಕರು ವಿರೋಧಿಸಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು, ಕಟ್ಟಡ ಉಳಿಯಿತು. ಉಳಿದದ್ದು ವಸ್ತುಪ್ರದರ್ಶನವಾಗಿ ಅಲ್ಲ, ಹೈಕೋರ್ಟ್ ಆಗಿ. ದಿನವೂ ವಕೀಲರು, ಕಕ್ಷಿದಾರರು ಓಡಾಡುವ ಆ ಮೊಗಸಾಲೆಗಳಲ್ಲಿ ಸೋರಿಕೆಯನ್ನು ಮುಚ್ಚಿಡಲು ಯಾರಿಗೂ ಆಗದು.

ಶಾಲೆಗೆ ಕೋಣೆ, ಆಸ್ಪತ್ರೆಗೆ ಮಂಚ ಸಾಲದ ನಾಡಿನಲ್ಲಿ ಹಳೆಯ ಗೋಡೆಗೆ ದುಡ್ಡು ಸುರಿಯುವುದು ಸರಿಯೇ ಎಂಬ ಆಕ್ಷೇಪಕ್ಕೆ ನಾನು ಹೀಗೆ ಉತ್ತರಿಸುತ್ತೇನೆ. ಲ್ಯಾನ್ಸ್‌ಡೌನ್‌ನಲ್ಲಿ ಸತ್ತವರು ದುಡ್ಡು ಉಳಿಸಿದ್ದಕ್ಕೆ ತೆತ್ತ ಬೆಲೆ. ಹೊಸ ಕಾಂಕ್ರೀಟ್ ಕಟ್ಟಡಕ್ಕೂ ನೀರು ಇಳಿಯುತ್ತದೆ. ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ಸಿಡಿಸುತ್ತದೆ. ದುರಸ್ತಿಯ ಅಭ್ಯಾಸವಿಲ್ಲದ ಇಲಾಖೆಗೆ ಹೊಸ ಕಟ್ಟಡ ಕೊಟ್ಟರೆ ಅದೂ ಕೆಲವೇ ದಶಕಗಳಲ್ಲಿ ಹಳತಾಗುತ್ತದೆ. ಕೈಮೀರಿ ಹಾಳಾದದ್ದನ್ನು ಕೆಡವಲೇಬೇಕಾದ ಸಂದರ್ಭಗಳೂ ಇವೆ. ಆದರೆ ಕೆಡವುವ ವರದಿಯ ಜೊತೆಗೆ ಹಿಂದಿನ ಇಪ್ಪತ್ತು ವರ್ಷಗಳ ದುರಸ್ತಿಯ ಲೆಕ್ಕವನ್ನೂ ಜನರ ಮುಂದಿಡುವ ನಿಯಮ ಬೇಕು.

ದೇವರಾಜ ಮಾರುಕಟ್ಟೆಯಂಥ ಕಡೆ ದಾರಿ ಕಷ್ಟದ್ದೇನಲ್ಲ. ಅಂಗಡಿಗಳ ಬಾಡಿಗೆಯನ್ನು ಇಂದಿನ ಬೆಲೆಗೆ ಏರಿಸಿ, ಅದರ ಒಂದು ಗೊತ್ತಾದ ಪಾಲನ್ನು ಆ ಕಟ್ಟಡದ ದುರಸ್ತಿಗಲ್ಲದೆ ಬೇರೆ ಯಾವುದಕ್ಕೂ ಮುಟ್ಟದಂತೆ ಬೇರೆ ಖಾತೆಯಲ್ಲಿ ಇಡಬೇಕು. ಪ್ರತಿ ವರ್ಷ ಏಪ್ರಿಲ್ ಮುಗಿಯುವ ಮುನ್ನ ಒಬ್ಬ ಎಂಜಿನಿಯರ್, ಒಬ್ಬ ಗಾರೆ ಮೇಸ್ತ್ರಿ, ವ್ಯಾಪಾರಿಗಳ ಒಬ್ಬ ಪ್ರತಿನಿಧಿ ಒಟ್ಟಿಗೆ ತಾರಸಿ ಹತ್ತಿ, ಮಳೆನೀರಿನ ದೋಣಿ, ತೊಲೆತುದಿ, ಅರಳಿ ಗಿಡ ನೋಡಿ ಸಹಿ ಹಾಕಬೇಕು. ಆ ವರದಿಯನ್ನು ಮಾರುಕಟ್ಟೆಯ ಬಾಗಿಲಲ್ಲೇ, ಹೂವು ಕೊಳ್ಳಲು ಬಂದವರು ಓದುವಂತೆ, ಅಂಟಿಸಬೇಕು.